ಸೆಕಾರ್ ನೋಡಿದ್ದು ಯಾರನ್ನು?

"ಬನ್ನಿ ತೇ ವೆನಿಂಗ್, ಬನ್ನಿ ಬನ್ನಿ! ನಿಮಗೇ ಕಾಯ್ತಾ ಇದ್ವಿ!"

ಅಕ್ಕ ಎನ್ನುವ ಹಾಗೆ ‘ತೇ’ ಎನ್ನುವ ನಾದಿರಾಳ ಕರೆ ಕಿವಿಗೆ ಬಿತ್ತು. ಆದರೆ ವೆನಿಂಗ್‌ಳ ಕಾಲು ಮುಂದೆ ಹೋಗಲಿಲ್ಲ. ಸ್ಟುಡಿಯೋದ ಹೊಸ್ತಿಲಲ್ಲಿ, ಒಂದು ಚಪ್ಪಲಿ ಬಿಚ್ಚಿ ಇನ್ನೊಂದನ್ನು ಬಿಚ್ಚದೆ, ಅವಳು ಹಾಗೇ ನಿಂತುಬಿಟ್ಟಳು.

ಕಿಟಕಿಯ ಪಕ್ಕ ಕೂತಿದ್ದ ಗಂಡಸು ಎದ್ದು ನಿಂತಿದ್ದ. ಕುಳ್ಳನೆಯ ಆಳು, ಮುಂದಲೆ ಖಾಲಿ, ಕಿವಿಯ ಮೇಲೆ ನರೆ. ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ನೀಲಿ ಬಣ್ಣ.

ಗುಮಿಲಾರ್...!

ಹದಿನೇಳು ವರ್ಷ! ಮೊದಮೊದಲು ಬಾಂಡುಂಗ್ ನಗರದ ಯಾವ ತಿರುವಿನಲ್ಲಿ ಈ ಮನುಷ್ಯ ಎದುರಾಗಿಬಿಡುತ್ತಾನೋ ಎಂದು ಹೆದರಿಕೊಂಡೇ ಓಡಾಡಿದ್ದಳು. ಆಮೇಲೆ ಒಂದು ಸಲವಾದರೂ ಎದುರಾಗಬಾರದೇ ಎಂದು ಹಂಬಲಿಸಿದ್ದಳು. ಆಮೇಲೆ ಎರಡನ್ನೂ ಬಿಟ್ಟಿದ್ದಳು. ಬಿಟ್ಟೆ ಎಂದುಕೊಂಡಿದ್ದಳು.

"ಚೆನ್ನಾಗಿದೀರಾ, ಬೂ ವೆನಿಂಗ್?" ಎಂದ ಗುಮಿಲಾರ್.

ಬೂ ವೆನಿಂಗ್! ಶಾಲೆಯ ಮೇಡಂಗೆ, ಬ್ಯಾಂಕಿನ ಮೇಡಂಗೆ ಹೇಳುವ ಹಾಗೆ. ಹಿಂದೆ ಇದೇ ಬಾಯಿ 'ನೆಂಗ್' ಎನ್ನುತ್ತಿತ್ತು. ಮನೆಯ ಕಿರಿಯ ಹುಡುಗಿಯನ್ನು ಮುದ್ದಿನಿಂದ ಕರೆಯುವ ಹಾಗೆ, ಎಷ್ಟು ಮೆತ್ತಗೆ!

"ಚೆನ್ನಾಗಿದೀನಿ, ಪಾಕ್ ಗುಮಿಲಾರ್." ಅವಳೂ ಬಿಡಲಿಲ್ಲ. ಸಲುಗೆಯಿಂದ ಕಾಂಗ್ ಎಂದು ಕರೆಯುತ್ತಿದ್ದವನನ್ನು, ಸಾಹೇಬರಿಗೆ ಹೇಳುವ ಹಾಗೆ ಪಾಕ್ ಎಂದು ದೂರ ಕೂರಿಸಿದಳು.

ಪಾಪ, ನಾದಿರಾಗೆ ಇದೊಂದೂ ತಿಳಿಯದು. ಇಪ್ಪತ್ತೊಂಬತ್ತು ವರ್ಷದ ಆ ಹುಡುಗಿ ಈ ವಿಡಿಯೋ ಗೇಮ್ ಸ್ಟುಡಿಯೋದ ಒಡತಿ. ಬಾಯಿ ತೆರೆದರೆ ಮಾತಿನ ಮಳೆ.

"ತೇ, ನಾನು ಆರನೇ ಕ್ಲಾಸಲ್ಲಿದ್ದಾಗ 'ಮಂಜಿನ ಜಾಡು' ಆಡೋಕೆ ಸ್ಕೂಲಿಗೇ ಚಕ್ಕರ್ ಹೊಡೀತಿದ್ದೆ. ಈಗ ಅದೇ ಗೇಮ್‌ನ ಹೊಸದಾಗಿ ತರ್ತಾ ಇದೀನಿ ನೋಡಿ! ಎಲೆ, ನೀರು, ಬೆಂಕಿ ಎಲ್ಲಾ ಹೊಸದು ಮಾಡಿದೀವಿ. ಉಳಿದಿರೋದು ಒಂದೇ."

"ಏನದು?"

"ನಾಯಕಿ ಸೆಕಾರ್‌ಳ ಕಣ್ಣು! ಜನ ಅಷ್ಟು ವರ್ಷ ಆಡ್ಕೊಂಡು ನಕ್ಕರಲ್ಲ, ಅದನ್ನ ಇವತ್ತು ತಿದ್ದಿಬಿಡೋಣ ಅಂತ. ಹಳೇ ಫೈಲ್ ಯಾರಿಗೂ ಅರ್ಥ ಆಗ್ಲಿಲ್ಲ, ಅದಕ್ಕೇ ಕಾಂಗ್ ಗುಮಿಲಾರ್‌ನ ಗಾರುತ್‌ನಿಂದ ಹಿಡ್ಕೊಂಡು ಬಂದಿದೀನಿ. ಆದ್ರೆ ನೋಟ ನಿಮ್ಮದಲ್ವಾ ತೇ? ತಿದ್ದಿದ್ದು ಸರಿ ಕಾಣ್ತಿದೆಯಾ ಅಂತ ನೀವು ಒಪ್ಪಬೇಕು."

ಆ ಕಣ್ಣುಗಳನ್ನು ತಿದ್ದುತ್ತಾರೆಯೇ? ಇವತ್ತೇ? ಅದೂ ಇವನ ಕೈಯಲ್ಲಿ?

ಆ ಕಣ್ಣು ಯಾರನ್ನು ನೋಡುತ್ತಿತ್ತು ಎಂಬುದು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಅವಳ ಇಡೀ ಜೀವಮಾನದ ಪ್ರೀತಿಗೆ ಉಳಿದಿದ್ದ ಗುರುತು ಅದೊಂದೇ. ಅದನ್ನು ಅಳಿಸುವ ಮೊದಲು ಅವಳು ಬಾಯಿ ಬಿಡಬೇಕು. ಇಲ್ಲವಾದರೆ ಇನ್ನೆಂದೂ ಇಲ್ಲ.

*

ನಿಮಗೆ ಆ ಕಾಲದ ಕೆಲಸದ ಚಂದ ಹೇಳಬೇಕು.

ಆಗ ಆ ಗೇಮ್ ಮಾಡಿದವರು ದಾಗೋ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಹನ್ನೊಂದು ಜನ. ಉತ್ಸಾಹ ಬೆಟ್ಟದಷ್ಟು, ಸಾಮಾನು ಮಾತ್ರ ಅಷ್ಟಕ್ಕಷ್ಟೆ. ಪಾತ್ರಗಳ ನಡಿಗೆ, ಓಟ, ಅಳು ಎಲ್ಲವನ್ನೂ ನಿಜವಾದ ಮನುಷ್ಯರಿಂದ ಎತ್ತಿಕೊಳ್ಳಲು ಬಿಳಿ ಗೋಲಿಗಳನ್ನು ಅಂಟಿಸಿದ ಕರಿಯ ಉಡುಪು ಬೇಕು. ಅದು ಅವರ ಬಳಿ ಇದ್ದದ್ದು ಒಂದೇ ಒಂದು! ಹಾಗಾಗಿ ನಾಯಕ ರಾಕಾ ಶನಿವಾರ ಬರುತ್ತಿದ್ದ, ನಾಯಕಿ ಸೆಕಾರ್ ಭಾನುವಾರ. ಪ್ರಾಣ ಕೊಡುವಷ್ಟು ಪ್ರೀತಿಸುವ ಆ ಜೋಡಿ ಒಂದು ದಿನವೂ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

ಸೆಕಾರ್ ಆಗಿದ್ದವಳು ವೆನಿಂಗ್. ಇಪ್ಪತ್ತೇಳರ ಪ್ರಾಯ. ನೃತ್ಯಶಾಲೆಯಲ್ಲಿ ಹೆಸರು ಮಾಡಿದ್ದ ಹುಡುಗಿ.

ಎದುರಿಗೆ ರಾಕಾ ಇಲ್ಲದ ಮೇಲೆ ನೋಡುವುದು ಯಾರನ್ನು? ಅದಕ್ಕೊಂದು ಉಪಾಯ ಮಾಡಿದ್ದರು. ಬಿದಿರು ಕೋಲಿನ ತುದಿಗೆ ಬ್ಯಾಡ್ಮಿಂಟನ್ ಆಡುವ ಶಟಲ್ ಸಿಕ್ಕಿಸಿ, ಆರಡಿ ಎತ್ತರಕ್ಕೆ ಹಿಡಿದುಕೊಂಡು ಒಬ್ಬ ನಿಲ್ಲುತ್ತಿದ್ದ. ಆ ಶಟಲ್ಲೇ ರಾಕಾನ ಮುಖ. ಅದನ್ನೇ ನೋಡಿ ನಗಬೇಕು, ಅಳಬೇಕು.

ಕೋಲು ಹಿಡಿಯುತ್ತಿದ್ದವನು ಗುಮಿಲಾರ್. ಪಾತ್ರಗಳ ಮುಖ ಕೂರಿಸುವ ಕಲಾವಿದ. ಐದಡಿ ಮೂರಂಗುಲ.

ಹಾಗಾಗಿ ಶಟಲ್‌ನ ಕೆಳಗೆ ಇನ್ನೊಂದು ಮುಖ ಇತ್ತು. ಅವಳ ಮೊಣಕೈಯ ಗೋಲಿ ಬಿದ್ದರೆ ಚರ್ಮಕ್ಕೆ ಬೆರಳು ತಾಕದ ಹಾಗೆ ಎಚ್ಚರದಿಂದ ಅಂಟಿಸುತ್ತಿದ್ದ ಮನುಷ್ಯನ ಮುಖ. ಅವಳಿಗೆ ದಣಿವಾಗಿದೆ ಎಂದು ಅವಳಿಗೇ ತಿಳಿಯುವ ಮೊದಲು ತೆಂಗಿನಹಾಲು, ಬೆಲ್ಲ ಹಾಕಿದ ಬಿಸಿ ಬಾಜಿಗುರ್ ಲೋಟ ತಂದು ಪಕ್ಕದಲ್ಲಿಟ್ಟು, ಏನೂ ಹೇಳದೆ ಹೋಗುತ್ತಿದ್ದ ಮನುಷ್ಯನ ಮುಖ. ನಾಲ್ಕು ತಾಸು ಅಲುಗದೆ ಕೋಲು ಹಿಡಿಯುತ್ತಿದ್ದವನು ಅವಳು ಅಳುವ ದೃಶ್ಯ ಬಂದರೆ ಸಾಕು, ಕೋಲು ಗಡಗಡ ನಡುಗಿಸುತ್ತಿದ್ದ!

ಅವಳು ಶಟಲ್ ನೋಡಲಿಲ್ಲ. ಹೇಗೆ ನೋಡಿಯಾಳು ಹೇಳಿ?

"ಅಮ್ಮಾ ಸೆಕಾರ್! ಮೇಲೆ ನೋಡು, ಮೇಲೆ! ಅಲ್ಲಿ ಯಾರಿದಾನೆ ಅಂತ ಕೆಳಗೆ ನೋಡ್ತೀಯಾ?" ಎಂದು ನಿರ್ದೇಶಕ ಪಾಕ್ ರುಸ್ತಂದಿ ಒಂದು ಭಾನುವಾರ ಎಲ್ಲರೆದುರು ಗದರಿದರು.

ಎಲ್ಲರೂ ಅವಳನ್ನೇ ನೋಡಿದರು. ಗುಮಿಲಾರ್ ಕೂಡ. ಅವನ ಕಣ್ಣಲ್ಲಿ ಏನೋ ಒಂದು ಪ್ರಶ್ನೆ ಇತ್ತು...

ವೆನಿಂಗ್‌ಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟಳು.

"ಅಭ್ಯಾಸ ಪಾಕ್... ನಮ್ಮ ಕುಣಿತದಲ್ಲಿ ಹುಡುಗೀರು ಕಣ್ಣು ತಗ್ಗಿಸೇ ಇರಬೇಕು. ಚಿಕ್ಕಂದಿನಿಂದ ಹಂಗೇ ಕಲಿಸಿದಾರೆ. ಬೇರೆ ಏನಿಲ್ಲ."

ಎಲ್ಲರೂ ಒಪ್ಪಿದರು. ಒಪ್ಪದೇ ಏನು, ನಮ್ಮೂರಿನ ಯಾವ ಕುಣಿತದ ಗುರುವನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಗುಮಿಲಾರ್ ಮಾತ್ರ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಗೋಡೆಯ ಕಡೆ ತಿರುಗಿದ. 'ಬೇರೆ ಏನಿಲ್ಲ' ಎಂಬ ಮಾತು ಆ ಗಂಡಸಿನ ಒಳಗೆ ಎಲ್ಲಿ ಹೋಗಿ ಚುಚ್ಚಿತು ಎಂಬುದು ಅವಳಿಗೆ ತಿಳಿಯಲಿಲ್ಲ.

ಗೇಮ್ ಬಂತು. ಬಾಂಡುಂಗ್‌ನ ಬೀದಿ ಬೀದಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಹುಡುಗರು ಮುಗಿಬಿದ್ದರು. ಹೊಗಳಿದರು. ಹೊಗಳಿದ ಬಾಯಲ್ಲೇ ಬಿದ್ದು ಬಿದ್ದು ನಕ್ಕರು. ರಾಕಾ ಪ್ರೀತಿಯ ಮಾತಾಡುತ್ತಿದ್ದರೆ ಸೆಕಾರ್ ಅವನ ಮುಖ ಬಿಟ್ಟು ಎದೆಯ ಹತ್ತಿರ ನೋಡುತ್ತಿದ್ದಳಲ್ಲ! 'ಅಂಗಿಗುಂಡಿ ರಾಣಿ' ಎಂದು ಹೆಸರಿಟ್ಟರು. ನೃತ್ಯಶಾಲೆಯ ಮಕ್ಕಳೂ ಹಾಗೇ ಕರೆದರು. ನೆರೆಮನೆಯ ಹೆಂಗಸು ಅವಳ ತಾಯಿಯನ್ನು, "ನಿಮ್ಮ ಮಗಳಿಗೆ ಮೆಳ್ಳೆಗಣ್ಣಾ?" ಎಂದು ಕೇಳಿದಳು.

'ನಾನು ಎಲ್ಲಿ ನೋಡ್ತಿದ್ದೆ ಅಂತ ಅವನಿಗೆ ಗೊತ್ತಾಗಿದೆ' ಎಂದು ವೆನಿಂಗ್ ಇಡೀ ದಿನ ಕೊರಗಿದಳು. 'ಗೊತ್ತಾಗಿಯೂ ಅದನ್ನ ಊರ ಮುಂದೆ ತಮಾಷೆಗೆ ಇಟ್ಟ. ಇಲ್ಲಾ, ಗೊತ್ತೇ ಆಗಿಲ್ಲ. ಎರಡರಲ್ಲಿ ಯಾವುದನ್ನ ಸಹಿಸಲಿ ದೇವರೇ?'

ಆ ವಾರವೇ ಸ್ಟುಡಿಯೋದಲ್ಲಿ ಸಂತೋಷಕೂಟ. ಅರಿಶಿನದ ಅನ್ನವನ್ನು ಗೋಪುರದ ಹಾಗೆ ಕಟ್ಟಿ ನಡುವೆ ಇಟ್ಟಿದ್ದರು. ಅದರ ತುದಿಯನ್ನು ಕತ್ತರಿಸಿ ಮೊದಲು ಯಾರಿಗೆ ಕೊಡುತ್ತಾರೋ ಅವರಿಗೇ ಅಂದಿನ ಮರ್ಯಾದೆ. ಪಾಕ್ ರುಸ್ತಂದಿ ಅದನ್ನು ಗುಮಿಲಾರ್‌ಗೆ ಕೊಟ್ಟರು. ಗುಮಿಲಾರ್ ತಿನ್ನಲಿಲ್ಲ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಎಲ್ಲರನ್ನೂ ದಾಟಿ, ಸೀದಾ ವೆನಿಂಗ್‌ಳ ಎದುರು ಬಂದು ನಿಂತ.

"ನೆಂಗ್... ಇದು ನಿಮಗೆ."

ಅವಳು ತಟ್ಟೆ ಮುಟ್ಟಲಿಲ್ಲ.

"ಒಂದು ಜೊತೆ ಕಣ್ಣು ನೆಟ್ಟಗೆ ಕೂರಿಸೋಕೆ ಬರದೇ ಇರೋರ ಕೈಯಿಂದ ನನಗೆ ಏನೂ ಬೇಡ!"

ಗುಮಿಲಾರ್‌ನ ಕೈಯಲ್ಲಿ ತಟ್ಟೆ ಹಾಗೇ ಇತ್ತು. "ಸರಿ" ಎಂದನಷ್ಟೇ. ಮುಂದಿನ ತಿಂಗಳು ಅವನು ಊರು ಬಿಟ್ಟ ಸುದ್ದಿ ಬಂತು. ಎಲ್ಲೋ ದೊಡ್ಡ ಕೆಲಸ ಸಿಕ್ಕಿರಬೇಕು ಎಂದುಕೊಂಡಳು ವೆನಿಂಗ್.

*

"ಮೊದ್ಲು ಒಂದು ಸಲ ಹಳೇದನ್ನ ಆಡೋಣ!" ಎಂದಳು ನಾದಿರಾ.

ಮೂವರೂ ಪರದೆಯ ಮುಂದೆ ಕೂತರು. ನಡುವೆ ನಾದಿರಾ. ಅವಳ ಈ ಕಡೆ ವೆನಿಂಗ್, ಆ ಕಡೆ ಗುಮಿಲಾರ್.

ಮಂಜು ಮುಸುಕಿದ ಬೆಟ್ಟ ತೆರೆದುಕೊಂಡಿತು. ಕೊಳಲು ಕೇಳಿತು. ಆ ಕೊಳಲಿಗೆ ಮಾತ್ರ ಒಂದು ದಿನವೂ ವಯಸ್ಸಾಗಿರಲಿಲ್ಲ. ಉಳಿದದ್ದೆಲ್ಲ... ಅಯ್ಯೋ!

"ಇದೇನು ಎಲೆನಾ, ಕಾಗದ ಕತ್ತರಿಸಿ ಅಂಟಿಸಿರೋದಾ?" ವೆನಿಂಗ್ ತಡೆಯಲಾರದೆ ಕೇಳಿದಳು.

"ಆಗ ಇದನ್ನ ನೋಡಿ ನಾನು ಕಾಡು ಅಂದ್ರೆ ಇದೇ ಅಂದ್ಕೊಂಡಿದ್ದೆ ತೇ!" ನಾದಿರಾ ನಕ್ಕಳು. "ನಿಮ್ಮ ಜಡೆ ನೋಡಿ, ಹಲಗೆ ಥರ ಇದೆ. ರಾಕಾನ ಬೆರಳು ಐದೂ ಸೇರ್ಕೊಂಡು ಒಂದು ಸೌಟು ಆಗಿದೆ!"

"ಬೆರಳು ಬಿಡಿಸೋಕೆ ಟೈಮ್ ಇರ್ಲಿಲ್ಲ" ಎಂದ ಗುಮಿಲಾರ್, ತಪ್ಪಿತಸ್ಥನ ಹಾಗೆ.

ನಾದಿರಾ ರಾಕಾನನ್ನು ಬಂಡೆ ಹತ್ತಿಸಿದಳು. ಕ್ಯಾಮೆರಾ ತನಗೆ ಬೇಕಾದ ಕಡೆ ತಿರುಗಿ ಗೋಡೆಯೊಳಗೆ ಸಿಕ್ಕಿಕೊಂಡಿತು. ಸೇತುವೆ ಕುಸಿಯುವಾಗ ಪರದೆಯ ಮೇಲೆ ತಟ್ಟನೆ ಒಂದು ಗುರುತು ಮಿಂಚಿತು. ಅದು ಮಾಯವಾಗುವಷ್ಟರೊಳಗೆ ಗುಂಡಿ ಒತ್ತಬೇಕು. ಒತ್ತಲಿಲ್ಲ, ರಾಕಾ ಕಮರಿಗೆ ಬಿದ್ದ. ಮತ್ತೆ ಮೊದಲಿನಿಂದ. ಮತ್ತೆ ಬಿದ್ದ.

"ಥೂ! ಚಿಕ್ಕವಳಿದ್ದಾಗ ಇದನ್ನ ಕಣ್ಣು ಮುಚ್ಕೊಂಡು ಮಾಡ್ತಿದ್ದೆ!"

ವೆನಿಂಗ್‌ಗೆ ನಗು ಬಂತು. ಆ ಕಡೆಯಿಂದಲೂ ಸಣ್ಣ ನಗು ಕೇಳಿತು. ಇಬ್ಬರೂ ಒಟ್ಟಿಗೆ ಇಣುಕಿದರು, ಒಟ್ಟಿಗೆ ಮುಖ ತಿರುಗಿಸಿಕೊಂಡರು.

ಕೊನೆಗೆ ಆ ದೃಶ್ಯ ಬಂತು.

ಹಗ್ಗದ ಸೇತುವೆಯ ಮೇಲೆ ಸೆಕಾರ್ ರಾಕಾನನ್ನು ಬೀಳ್ಕೊಡುತ್ತಾಳೆ. ಹಲಗೆಯಂಥ ಜಡೆ, ಗೊಂಬೆಯಂಥ ಕೆನ್ನೆ. ನಗುವಂಥದ್ದೇ. ಆದರೆ ಅವಳು ಕಣ್ಣೆತ್ತಿದ ಕೂಡಲೇ ಮೂವರಲ್ಲಿ ಯಾರಿಗೂ ನಗು ಬರಲಿಲ್ಲ. ಆ ಕಣ್ಣಿಗೆ ಜೀವವಿತ್ತು. ಅಂಗಿಗುಂಡಿಯನ್ನೇ ನೋಡುತ್ತಿದ್ದರೂ, ಆ ಗುಂಡಿಯನ್ನು ಬಿಟ್ಟು ಹೋಗಲು ಅವಳಿಗೆ ಪ್ರಾಣ ಹೋಗುವಷ್ಟು ಸಂಕಟ ಇತ್ತು.

'ಇಷ್ಟು ಕಾಣ್ತಿತ್ತಾ ನನ್ನ ಮುಖದಲ್ಲಿ?' ವೆನಿಂಗ್ ಸೆರಗಿನ ಹಾಗೆ ಹೊದ್ದ ಶಾಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇದು ತಾನಾಗೇ ಬಂದ ತಪ್ಪು ಅಲ್ಲ ತೇ, ಅದೇ ವಿಚಿತ್ರ." ನಾದಿರಾ ಹಳೆಯ ಫೈಲ್ ತೆರೆದಳು. "ಕಣ್ಣು ರಾಕಾನ ಮುಖಕ್ಕೇ ಅಂಟ್ಕೊಳ್ಳೋ ಹಾಗೆ ಮಾಡೋದು ಒಂದೇ ಒಂದು ಗುರುತು ಹಾಕಿದ್ರೆ ಆಗೋ ಕೆಲಸ. ಬೇಕಂತಲೇ ಅದನ್ನ ತೆಗೆದು, ನಿಮ್ಮ ವಿಡಿಯೋ ನೋಡ್ಕೊಂಡು ಒಂದೊಂದೇ ಚಿತ್ರಕ್ಕೆ ಕೈಯಲ್ಲಿ ಕಣ್ಣು ಇಟ್ಟಿದಾರೆ. ಇನ್ನೂರ ಹನ್ನೆರಡು ಕಡೆ! ಇಲ್ಲಿ ನೋಡಿ, ಪಾಕ್ ರುಸ್ತಂದಿ ಚೀಟಿ ಹಾಕಿದಾರೆ. 'ಕಣ್ಣು ರಾಕಾನ ಮುಖಕ್ಕೆ. ನಾಲ್ಕನೇ ಸಲ ಹೇಳ್ತಿರೋದು.' ಕೆಳಗೆ ಉತ್ತರ, 'ಆಗಲ್ಲ.'"

ಗುಮಿಲಾರ್ ಕುರ್ಚಿ ಸರಿಸಿದ. "ಅದೆಲ್ಲ ಈಗ ಯಾಕಮ್ಮ..."

"ಗೇಮ್ ಬಂದ ಮೇಲೂ ಕೇಳಿದ್ರಂತಲ್ಲ ಕಾಂಗ್, ತಿದ್ದು ಇಲ್ಲಾ ಹೋಗು ಅಂತ? ಅದಕ್ಕೇ ಅಲ್ವಾ ನಿಮ್ಮನ್ನ ಕೆಲಸದಿಂದ ತೆಗೆದಿದ್ದು? ಆಮೇಲೆ ಎಲ್ಲೂ ಸೇರಿಸ್ಕೊಳ್ಳಲಿಲ್ಲ, ಕಣ್ಣು ಕೂರಿಸೋಕೆ ಬರದ ಕಲಾವಿದ ಅಂತ. ಗೇಮ್ ಮಾಡೋ ನಮ್ಮೋರಿಗೆಲ್ಲ ಗೊತ್ತಿರೋ ಕಥೆ ಬಿಡಿ. ಯಾಕೆ ಅನ್ನೋದೊಂದೇ ಯಾರಿಗೂ ಗೊತ್ತಿಲ್ಲ."

ವೆನಿಂಗ್ ಎದ್ದುಬಿಟ್ಟಳು.

ತೆಗೆದರೇ? ಊರು ಬಿಟ್ಟು ಹೋದದ್ದಲ್ಲವೇ?

"ತೇ? ಎಲ್ಲಿಗೆ ಹೋಗ್ತಿದೀರಾ? ತೇ!"

*

ಹಿತ್ತಲಿನಲ್ಲಿ ಹಲಸಿನ ಮರದ ಕೆಳಗೆ ಸಿಮೆಂಟು ಕಟ್ಟೆ. ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು. ವೆನಿಂಗ್ ಅಲ್ಲಿ ಕೂತಳು. ಐದು ನಿಮಿಷಕ್ಕೆ ಗುಮಿಲಾರ್ ಬಂದ. ಒಂದು ಆಳು ಕೂರುವಷ್ಟು ಜಾಗ ಬಿಟ್ಟು ಕೂತ.

"ಆ ಹುಡುಗಿಗೆ ಬಾಯಿ ಜಾಸ್ತಿ. ಮನಸ್ಸಿಗೆ ಹಚ್ಕೋಬೇಡಿ, ಬೂ."

"ನಿಜಾನಾ?"

"ಹಳೇ ಕಥೆ."

"ನಿಜಾನಾ ಅಂತ ಕೇಳ್ದೆ!"

ಗುಮಿಲಾರ್ ತನ್ನ ನೀಲಿ ಬೆರಳುಗಳನ್ನು ನೋಡಿಕೊಂಡ. "ನಿಜ. ಈಗ ಗಾರುತ್‌ನಲ್ಲಿ ಟೀ ಶರ್ಟ್ ಮೇಲೆ ಚಿತ್ರ ಅಚ್ಚು ಹಾಕ್ತೀನಿ. ಅದೂ ಒಳ್ಳೇ ಕೆಲಸಾನೇ. ಅಮ್ಮ ಹಾಸಿಗೆ ಹಿಡಿದಿದ್ರು, ಹೋದ ವರ್ಷದವರೆಗೂ ಮನೇಲೇ ಇದ್ದು ನೋಡ್ಕೊಂಡೆ. ಮದುವೆ ಅಂತ ಯೋಚನೆ ಮಾಡೋಕೆ ಪುರುಸೊತ್ತೇ ಆಗ್ಲಿಲ್ಲ. ನೀವು...? ಮದುವೆ ಆಯ್ತು ಅಂತ ಕೇಳಿದ್ದೆ."

"ಆಗಿತ್ತು. ಆರು ವರ್ಷ. ಒಳ್ಳೆಯವರೇ. ಜಗಳ ಇಲ್ಲದೇ ದೂರ ಆದ್ವಿ." ವೆನಿಂಗ್ ಅವನ ಕಡೆ ತಿರುಗಿದಳು. "ಊರ ಮುಂದೆ ನಿಮಗೆ ಅಂಥಾ ಮಾತು ಅಂದೆ. ಅಷ್ಟಾದ ಮೇಲೂ ತಿದ್ದಲಿಲ್ಲ ನೀವು. ಕೆಲಸ ಹೋಗತ್ತೆ ಅಂದ್ರೂ ತಿದ್ದಲಿಲ್ಲ! ಯಾಕೆ?"

"ಬಿಡಿ."

"ಬಿಡಲ್ಲ!"

ಅವನು ನೆಲಕ್ಕೆ ಹೇಳುವ ಹಾಗೆ ಹೇಳಿದ.

"ನಿಮ್ಮ ವಿಡಿಯೋ ಇಟ್ಕೊಂಡು ಮೂರು ತಿಂಗಳು ಕೆಲಸ ಮಾಡ್ದೆ. ನಿಮ್ಮ ರೆಪ್ಪೆ ಯಾವಾಗ ಏಳತ್ತೆ, ಎಷ್ಟು ಹೊತ್ತು ನಿಲ್ಲತ್ತೆ, ಎಲ್ಲಾ ನನಗೆ ಬಾಯಿಪಾಠ. ನೀವು ನೋಡ್ತಿದ್ದ ಜಾಗದಲ್ಲಿ ಯಾರು ನಿಂತಿದ್ರು ಅಂತ ನನಗೆ ಗೊತ್ತಿತ್ತು. ನಾನೇ ನಿಂತಿದ್ದೆ. ಆದ್ರೆ ನೀವು ಅಭ್ಯಾಸ ಅಂದ್ರಿ. ಬೇರೆ ಏನಿಲ್ಲ ಅಂದ್ರಿ. ನಂಬಿದೆ. ಇನ್ನೇನು ಮಾಡ್ಲಿ?"

"ನಂಬಿದ್ರೆ ತಿದ್ದಬೇಕಿತ್ತು!"

"ತಿದ್ದಿದ್ರೆ ನೀವು ಅವನನ್ನ ನೋಡ್ತಿದ್ರಿ!"

ಅಷ್ಟು ಜೋರಾಗಿ ಹೇಳಿದ್ದಕ್ಕೆ ತಾನೇ ಬೆಚ್ಚಿದ. ದನಿ ತಗ್ಗಿಸಿದ.

"ಅಭ್ಯಾಸವೋ ಮತ್ತೊಂದೋ... ಜೀವಮಾನದಲ್ಲಿ ಯಾರೂ ನನ್ನನ್ನ ಹಂಗೆ ನೋಡಿರ್ಲಿಲ್ಲ. ಅದನ್ನ ತೆಗೆದು ರಾಕಾನಿಗೆ ಕೊಡು ಅಂದ್ರು. ಕೂತೆ. ನಾಲ್ಕು ಸಲ ಕೂತೆ. ಕೈ ಬರ್ಲಿಲ್ಲ. ನಿಮಗೆ ಅವಮಾನ ಆಗತ್ತೆ ಅಂತ ಹೊಳೀಲಿಲ್ಲ ನನಗೆ. ಅದೊಂದು ನನ್ನ ತಪ್ಪು. ಅದಕ್ಕೆ ಇವತ್ತು ಬಂದೆ, ತಿದ್ದಿ ಕೊಟ್ಟು ಹೋಗೋಣ ಅಂತ."

ವೆನಿಂಗ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಒಂದು ಸುಳ್ಳು! ನಾಚಿಕೆಗೆ ಹೆದರಿ ಆಡಿದ ಪುಟ್ಟ ಸುಳ್ಳು! ಅದನ್ನು ನಂಬಿ ಒಬ್ಬ ಮನುಷ್ಯ ತನ್ನ ವಿದ್ಯೆ, ಹೆಸರು, ಯೌವನ ಎಲ್ಲ ಕಳೆದುಕೊಂಡಿದ್ದ. ಅವಳು ಅವನಿಗೆ ಕೊಟ್ಟದ್ದು ತುಂಬಿದ ಮನೆಯಲ್ಲಿ ಒಂದು ಅವಮಾನ.

ಈಗ ಹೇಳಬೇಕು. ಹೇಳಿದರೆ ಅವನ ಎದೆ ಇನ್ನೊಮ್ಮೆ ಒಡೆಯುತ್ತದೆ. ಹೇಳದಿದ್ದರೆ ಅವನು ಇವತ್ತು ಸಂಜೆಯ ಬಸ್ಸಿಗೆ ಆ ಸುಳ್ಳನ್ನೇ ಹೊತ್ತುಕೊಂಡು ಹೋಗುತ್ತಾನೆ.

"ಅಭ್ಯಾಸ ಅಲ್ಲ" ಎಂದಳು.

"ಏನು?"

"ಅಭ್ಯಾಸ ಅಲ್ಲ, ಕಾಂಗ್. ನಾನು ಕುಣಿದಿರೋ ಸಾವಿರ ಕುಣಿತದಲ್ಲಿ ಕಣ್ಣು ತಗ್ಗಿಸೋದು ನೆಲದ ಕಡೆ. ಮನುಷ್ಯರ ಮುಖದ ಕಡೆ ಅಲ್ಲ. ನಾನು ನಿಮ್ಮನ್ನೇ ನೋಡ್ತಿದ್ದೆ. ಪ್ರತಿ ಭಾನುವಾರ. ಗೊತ್ತಿದ್ದೂ ನೋಡ್ತಿದ್ದೆ."

ಗುಮಿಲಾರ್ ಸಂತೋಷಪಡುತ್ತಾನೆ ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಅವನು ಎದ್ದು ಮರದ ಆ ಕಡೆ ಹೋಗಿ ನಿಂತ. ಹೆಗಲು ಅಲುಗುತ್ತಿತ್ತು.

"ಈಗ ಹೇಳ್ತೀರಾ? ಈಗ?" ಈ ಕಡೆ ತಿರುಗದೆಯೇ ಕೇಳಿದ. "ಒಂದು ಅಭ್ಯಾಸಾನ ಪ್ರೀತಿ ಅಂದ್ಕೊಂಡ ಮೂರ್ಖ ನಾನು ಅಂತ ಹದಿನೇಳು ವರ್ಷ ನನ್ನನ್ನ ನೋಡಿ ನಾನೇ ನಕ್ಕಿದೀನಿ, ನೆಂಗ್. ಅಮ್ಮ ಸಾಯೋವಾಗ ಕೇಳಿದ್ಲು, ನಿನ್ನನ್ನ ಇಷ್ಟಪಟ್ಟೋರು ಯಾರೂ ಇರ್ಲಿಲ್ವೇನೋ ಅಂತ. ಇಲ್ಲಮ್ಮ ಅಂದೆ. ಇಲ್ಲ ಅಂತ ಹೇಳಿ ಕಳಿಸ್ದೆ ಅವಳನ್ನ..."

ವೆನಿಂಗ್‌ಗೆ ಅವನ ಬಳಿ ಹೋಗಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಹೋಗುವುದು? ಕಟ್ಟೆಯ ಮೇಲೆ ಕೂತೇ ಬಿಕ್ಕಿ ಬಿಕ್ಕಿ ಅತ್ತಳು. ಮರದ ಆ ಕಡೆ ಅವನು, ಈ ಕಡೆ ಇವಳು. ಕಳೆದುಹೋದ ವರ್ಷಗಳನ್ನು ಮಣ್ಣು ಮಾಡಿ ಬಂದವರ ಹಾಗೆ ಇಬ್ಬರೂ ಅತ್ತರು.

*

ಹಿತ್ತಲ ಬಾಗಿಲಲ್ಲಿ ನಿಂತು ನಾದಿರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕದ್ದು ಕೇಳಿದ್ದಕ್ಕೆ ನಾಚಿಕೆಯೂ ಇಲ್ಲ! ಮೂಗು ಒರೆಸಿಕೊಂಡು ಓಡಿಬಂದಳು.

"ತಿದ್ದೋದೇ ಬೇಡ ತೇ! ಆ ಕಣ್ಣು ಹಂಗೇ ಇರ್ಲಿ! ಈ ಕಥೆ ಜನಕ್ಕೆ ಹೇಳಿದ್ರೆ ಇಡೀ ಇಂಡೋನೇಷ್ಯಾ ಅಳತ್ತೆ. ನಕ್ಕೋರೆಲ್ಲ ಕ್ಷಮೆ ಕೇಳ್ತಾರೆ. ಬೇಕಾದ್ರೆ ನೀವಿಬ್ಬರೂ ಬಂದು ಕ್ಯಾಮೆರಾ ಮುಂದೆ..."

"ಬೇಡ" ಎಂದಳು ವೆನಿಂಗ್.

ಗುಮಿಲಾರ್ ತಿರುಗಿದ. ಕಣ್ಣು ಕೆಂಪಾಗಿತ್ತು. "ಅವಳು ಹೇಳೋದು ಸರಿ. ಇರ್ಲಿ ಬಿಡಿ. ಅದೊಂದಾದ್ರೂ ಉಳೀಲಿ. ನನ್ನ ಹತ್ರ ಇನ್ನೇನಿದೆ?"

"ತಿದ್ದಿ, ಕಾಂಗ್."

"ನೆಂಗ್!"

"ಸೆಕಾರ್ ಪ್ರೀತಿಸಿದ್ದು ರಾಕಾನ. ಪಾಪದ ಹುಡುಗಿ, ನನ್ನ ಕಣ್ಣು ಹೊತ್ಕೊಂಡು ಹದಿನೇಳು ವರ್ಷ ನಗೆಪಾಟಲಾದ್ಲು. ಅವಳ ಗಂಡಸನ್ನ ಅವಳು ನೋಡ್ಲಿ." ವೆನಿಂಗ್ ಎದ್ದು ನಿಂತಳು. "ನನ್ನ ಕಣ್ಣು ನನಗೆ ವಾಪಸ್ ಬೇಕು."

ಗುಮಿಲಾರ್ ಅವಳನ್ನು ದಾಟಿ ಒಳಗೆ ನಡೆದ. ಅವನು ಒಪ್ಪಿದನೋ, ಮುನಿದನೋ ವೆನಿಂಗ್‌ಗೆ ತಿಳಿಯಲಿಲ್ಲ. ಹಿಂದೆಯೇ ಹೋದಳು.

ನಾದಿರಾಗೂ ಆ ಹೊತ್ತಿಗೆ ಬುದ್ಧಿ ಬಂತೆನ್ನಿ. "ನಾನು ಊಟ ತರ್ತೀನಿ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಗುಮಿಲಾರ್ ಪರದೆಯ ಮುಂದೆ ಕೂತ. ಅಂದು ಕೈಯಾರೆ ಕಣ್ಣು ಇಟ್ಟ ಕಡೆಗಳೆಲ್ಲ ಇನ್ನೂರ ಹನ್ನೆರಡು ಚುಕ್ಕೆಗಳಾಗಿ ಸಾಲಾಗಿದ್ದವು. ಒಟ್ಟಿಗೆ ಅಳಿಸಲು ಒಂದು ಕ್ಷಣ ಸಾಕಿತ್ತು. ಅವನು ಒಂದೊಂದನ್ನೇ ಅಳಿಸಿದ. ಕೆಲವು ಕಡೆ ನಿಂತ. ಒಂದು ಕಡೆ, "ಇಲ್ಲಿ ನಿಮಗೆ ಕೆಮ್ಮು ಬಂದಿತ್ತು, ತಡ್ಕೊಂಡಿದ್ರಿ" ಎಂದ. ಇನ್ನೊಂದು ಕಡೆ, "ಇಲ್ಲಿ ನನ್ನ ಕೋಲು ಅಲುಗಿ ಪಾಕ್ ರುಸ್ತಂದಿ ಬೈದ್ರು" ಎಂದ. ವೆನಿಂಗ್ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಹೂಂ ಎಂದಳು. ಕಣ್ಣೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

ಕೊನೆಯ ಚುಕ್ಕೆ ಹೋಯಿತು. ಕಣ್ಣು ರಾಕಾನ ಮುಖಕ್ಕೆ ಅಂಟುವ ಆ ಒಂದು ಗುರುತನ್ನು ಗುಮಿಲಾರ್ ಹಾಕಿದ. ಪರದೆಯಲ್ಲಿ ಸೆಕಾರ್ ನಿಧಾನವಾಗಿ ಕಣ್ಣೆತ್ತಿ ರಾಕಾನ ಮುಖವನ್ನು ನೋಡಿದಳು. ಸರಿಯಾಗಿ, ನೇರವಾಗಿ. ಯಾರೂ ನಗುವಂತಿರಲಿಲ್ಲ. ನೂರು ಗೇಮ್‌ಗಳಲ್ಲಿ ನೂರು ನಾಯಕಿಯರು ನೋಡುವ ಹಾಗೆಯೇ ಇತ್ತು.

"ಆಯ್ತು. ಇನ್ನು ಏನೂ ಇಲ್ಲ" ಎಂದ ಗುಮಿಲಾರ್.

"ಈ ಕಡೆ ತಿರುಗಿ."

"ಬೇಡ ನೆಂಗ್. ಅಳ್ತಿದೀನಿ."

"ತಿರುಗಿ ಅಂದೆ."

ತಿರುಗಿದ. ಅವಳ ಮುಖಕ್ಕೂ ಅವನ ಮುಖಕ್ಕೂ ನಡುವೆ ಒಂದು ಮೊಳ ದೂರ. ಕುರ್ಚಿಯಲ್ಲಿ ಕೂತಾಗ ಇಬ್ಬರದೂ ಒಂದೇ ಎತ್ತರ. ಅವನಿಗೆ ಎಲ್ಲಿ ನೋಡಬೇಕೋ ತಿಳಿಯದೆ ರೆಪ್ಪೆ ಬಡಿದ.

"ನನಗೆ ನಲವತ್ತೆಂಟು ಈಗ" ಎಂದ.

"ಕಾಣ್ತಿದೆ."

"ಕೂದಲು ಎಲ್ಲಾ ಹೋಯ್ತು."

"ಅದೂ ಕಾಣ್ತಿದೆ."

"ಸಂಜೆ ಐದಕ್ಕೆ ಬಸ್ಸು..."

"ಸುಮ್ನಿರಿ ಕಾಂಗ್" ಎಂದಳು ವೆನಿಂಗ್. "ನೋಡ್ತಾ ಇದೀನಿ."